ಕೂದಲೆಳೆಯಷ್ಟು ಕೊಸರು

ಒಂದು ಕೂದಲು ಎಷ್ಟು ದಪ್ಪ ಇರುತ್ತದೆ ಎಂಬುದು ನನಗೆ ನಲವತ್ತೆರಡನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಏಕೆಂದರೆ ಅಷ್ಟೊತ್ತಿಗೆ ನಾನು ಬೈಲಹೊಂಗಲದಲ್ಲಿ ಕಬ್ಬಿಣವನ್ನು ತಿರುಗಿಸಿ ಕೆರೆಯುವ ಲೇತ್ ಮಷೀನು ಇಟ್ಟು ಒಂಬತ್ತು ವರ್ಷವಾಗಿತ್ತು. ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ‘ಒಂದು ಕೂದಲೆಳೆ ಹೆಚ್ಚಿಗಿರಲಿ’, ‘ಒಂದು ಕೂದಲೆಳೆ ಸಡಿಲ ಮಾಡು’ ಎಂದು ಹುಕುಂ ಕೊಡುತ್ತಿದ್ದೆ. ತಲೆಯ ಮೇಲೆ ಆಗ ಸಾಕಷ್ಟು ಕೂದಲೂ ಇತ್ತು. ಒಂದನ್ನಾದರೂ ಕಿತ್ತು ನೋಡೋಣ ಅನ್ನಿಸಲಿಲ್ಲ. ಕೊನೆಗೆ ಕಿತ್ತು ತೋರಿಸಿದವನು ಬೆಳಗಾವಿಯ ಒಬ್ಬ ತರುಣ, ಅದೂ ತನ್ನ ತಲೆಯಿಂದ. ಆ ಪೆಟ್ಟಿನಿಂದ ನಾನು ಇನ್ನೂ ಪೂರ್ತಿ ಸುಧಾರಿಸಿಕೊಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಿಮಗಾದರೂ ಮೊದಲೇ ತಿಳಿದಿರಲಿ.

ನನ್ನ ಯೋಗ್ಯತೆ ಎಷ್ಟು ಎಂದು ಹೇಳಿಬಿಡುತ್ತೇನೆ. ನಾನು ಓದಿ ಕಾರಖಾನೆ ಹಾಕಿದವನಲ್ಲ. ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ತಿರುಗಿ ಗುಜರಿ ಕಬ್ಬಿಣ ಕೊಳ್ಳುತ್ತಿದ್ದವನು. ಓದಿದ್ದು ಏಳನೆಯ ಇಯತ್ತೆ; ಕಲಿತದ್ದೆಲ್ಲ ಚೌಕಾಶಿ. ನೀವು ಎಲ್ಲಾದರೂ ಹಳೆಯ ಸಾಮಾನು ಕೊಳ್ಳಲು ಹೋದರೆ ನನ್ನದೊಂದು ಬುದ್ಧಿಮಾತು ಇಟ್ಟುಕೊಳ್ಳಿ: ಬೇಕಾದ ವಸ್ತುವಿನ ಕಡೆಗೆ ಕಣ್ಣು ಹಾಯಿಸಬೇಡಿ, ಅದರ ಪಕ್ಕದ್ದನ್ನು ಕೇಳಿ. ಯರಗಟ್ಟಿಯಲ್ಲಿ ಮುಚ್ಚಿದ್ದ ಒಂದು ಹತ್ತಿ ಗಿರಣಿಯಿಂದ ಈ ಲೇತನ್ನು ತಂದಾಗ ಮೂರು ದಿನ ನಾನು ಅದರ ಪಕ್ಕದಲ್ಲಿದ್ದ ತಕ್ಕಡಿಯನ್ನೇ ಚೌಕಾಶಿ ಮಾಡಿದೆ. ನಾಲ್ಕನೆಯ ದಿನ ಬೇಸತ್ತ ಮಾಲಕ, ‘ತಕ್ಕಡಿ ಒಯ್ಯೂದಿದ್ರ ಈ ಮಷೀನೂ ಒಯ್ರಿ, ಜಾಗಾ ಖಾಲಿ ಆಗಲಿ’ ಎಂದ. ನಾನು ಬಹಳ ಬೇಜಾರು ಮಾಡಿಕೊಂಡವನಂತೆ ಒಪ್ಪಿದೆ.

ಪೇಟೆಯಿಂದ ನಾನು ಕಲಿತ ಇನ್ನೊಂದು ಸಂಗತಿ ಕೊಸರು. ನಮ್ಮ ಸೀಮೆಯಲ್ಲಿ ಕೊಸರಿಲ್ಲದೆ ಯಾವ ವ್ಯಾಪಾರವೂ ಮುಗಿಯುವುದಿಲ್ಲ. ಜೋಳ ಅಳೆದವಳು ಸೇರಿನ ಮೇಲೆ ಒಂದು ಹಿಡಿ ಹಾಕಬೇಕು. ಮೆಣಸಿನಕಾಯಿ ತೂಗಿದವಳು ನಾಲ್ಕು ಎಸಳು ಕೊತ್ತಂಬರಿ ಎಸೆಯಬೇಕು. ಅರಿವೆ ಅಂಗಡಿಯವನು ಗಜ ಮುಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿ ಇಡಬೇಕು. ಕಡಿಮೆ ಕೊಟ್ಟವನು ಕಳ್ಳ, ಸರಿ. ಆದರೆ ಬರೋಬರಿ ಅಳೆದು ಕೈ ಝಾಡಿಸಿಕೊಳ್ಳುವವನೂ ನಮಗೆ ಮನುಷ್ಯನಂತೆ ಕಾಣುವುದಿಲ್ಲ. ಅವನ ಅಂಗಡಿಗೆ ಎರಡನೆಯ ಸಲ ಯಾರೂ ಹೋಗುವುದಿಲ್ಲ. ಅಳತೆಯ ಮೇಲೆ ಬಿದ್ದ ಆ ಒಂದು ಹಿಡಿಯಲ್ಲೇ ಮಾರುವವನ ಮರ್ಯಾದೆ ಇರುವುದು. ಜೋಳದಲ್ಲಿ, ಮೆಣಸಿನಕಾಯಿಯಲ್ಲಿ, ಅರಿವೆಯಲ್ಲಿ ನಿಜವಾದದ್ದು ಕಬ್ಬಿಣದಲ್ಲಿ ಸುಳ್ಳಾಗುತ್ತದೆ ಎಂದು ನನಗೆ ಯಾರು ಹೇಳಬೇಕು?

ಹೇಳಬಹುದಾಗಿದ್ದವರು ಒಬ್ಬರಿದ್ದರು, ನನ್ನ ಯಲ್ಲಪ್ಪ ಮಿಸ್ತ್ರಿ. ಹೇಳಿಯೂ ಹೇಳಿದರು. ನಾನು ಕೇಳಲಿಲ್ಲ.

ಯಲ್ಲಪ್ಪ ಮಿಸ್ತ್ರಿ ನೇಸರಗಿಯವರು. ನನಗಿಂತ ಐದಾರು ವರ್ಷಕ್ಕೆ ಹಿರಿಯರು. ಹುಬ್ಬಳ್ಳಿಯ ಒಂದು ಕಾರಖಾನೆಯಲ್ಲಿ ಲೇತ್ ಕೆಲಸ ಕಲಿತು, ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದ್ದರು. ದಿನಾ ಮೊದಲ ಬಸ್ಸಿಗೆ ಬರುವರು, ಸಂಜೆ ಬಸ್ಸಿಗೆ ಹೋಗುವರು. ಮಾತು ಕಡಿಮೆ. ಅವರ ಹತ್ತಿರ ಒಂದು ಮೈಕ್ರೋಮೀಟರ್ ಇತ್ತು, ಮಿಲಿಮೀಟರಿನ ನೂರನೆಯ ಪಾಲನ್ನೂ ತೋರಿಸುವ ಚಿಮಟದಂಥ ಉಪಕರಣ. ಅದನ್ನು ಕೆಂಪು ಮಖಮಲ್ಲಿನ ತುಂಡಿನಲ್ಲಿ ಸುತ್ತಿ, ಊಟದ ಡಬ್ಬಿಯ ಜೊತೆ ತರುತ್ತಿದ್ದರು. ಬೇರೆಯವರು ಕೈಗಡಿಯಾರ ಕಟ್ಟಿಕೊಂಡಂತೆ ಇದು ಇವರ ಶೋಕಿ ಎಂದು ನಾನು ತಿಳಿದಿದ್ದೆ. ನನಗೆ ಇಂಚು ಗೊತ್ತು. ಇಂಚಿನ ಎಂಟನೆಯ ಪಾಲಾದ ಸೂತ ಗೊತ್ತು. ಅದರ ಕೆಳಗೆ ಏನಿದ್ದರೂ ಕೂದಲೆಳೆ. ಇಷ್ಟರಲ್ಲೇ ಒಂಬತ್ತು ವರ್ಷ ಸುಖವಾಗಿ ನಡೆದಿತ್ತು.

ಹೇಗೆ ನಡೆಯಿತೆಂದರೆ, ನಮ್ಮಲ್ಲಿಗೆ ಬರುವ ಕೆಲಸವೆಲ್ಲ ಜೋಡಿಯಾಗಿಯೇ ಬರುತ್ತಿತ್ತು. ಕಿತ್ತೂರಿನ ಕಡೆಯಿಂದ ಕಬ್ಬಿನ ಗಾಣದ ಕೋಲು ಮುರಿದು ಬಂದರೆ ಅದು ತೂರುವ ಬುಷ್ಷೂ ಚಕ್ಕಡಿಯಲ್ಲೇ ಇರುತ್ತಿತ್ತು. ರಾಮದುರ್ಗದ ನೇಕಾರರು ಮಗ್ಗದ ಕೋಲು ತಂದರೆ ತೂತಿರುವ ಬಿಲ್ಲೆಯನ್ನೂ ತರುತ್ತಿದ್ದರು. ಮಿಸ್ತ್ರಿ ಕೋಲನ್ನು ತಿರುವುವರು, ತೂತಿಗೆ ಹಾಕಿ ನೋಡುವರು, ಬಿಗಿಯಾದರೆ ಇನ್ನಿಷ್ಟು ಕೆರೆಯುವರು. ಗಂಡು ಹೆಣ್ಣು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾಡಿದ ಮದುವೆಗೆ ಜಾತಕದ ಲೆಕ್ಕ ಯಾಕೆ ಬೇಕು? ತಪ್ಪಿದ್ದರೆ ಅಲ್ಲೇ ಕಾಣುತ್ತದೆ, ಅಲ್ಲೇ ತಿದ್ದಿದರಾಯಿತು.

ಕೂಡಿಕೆಯಲ್ಲಿಯೂ ಬಗೆಬಗೆ ಇವೆ. ನೀವು ಕಾರಖಾನೆಗೆ ಬರದಿದ್ದರೂ ನಿಮ್ಮ ಮನೆಯಲ್ಲೇ ನೋಡಬಹುದು. ಬೀಸುವ ಕಲ್ಲಿನ ಗೂಟ ಸಡಿಲವಾಗಿರಬೇಕು, ಇಲ್ಲದಿದ್ದರೆ ಮೇಲಿನ ಕಲ್ಲು ತಿರುಗುವುದಿಲ್ಲ. ಬಳೆ ಮುಷ್ಟಿಯನ್ನು ದಾಟುವಾಗ ಬಿಗಿ, ಮಣಿಕಟ್ಟಿಗೆ ಬಂದಮೇಲೆ ಸಡಿಲ. ಆ ನಡುವಿನ ಗಳಿಗೆಯನ್ನು ಕಣ್ಣಲ್ಲೇ ಅಳೆಯುವ ಬಳೆಗಾರನಿಗಿಂತ ದೊಡ್ಡ ಮಿಸ್ತ್ರಿ ಇಲ್ಲ. ಚಕ್ಕಡಿಯ ಗಾಲಿಗೆ ಹಾಕುವ ಕಬ್ಬಿಣದ ಹಳಿಯಂತೂ ಗಾಲಿಗಿಂತ ಸಣ್ಣದೇ ಇರುತ್ತದೆ. ಕೆಂಪಗೆ ಕಾಸಿ, ಹಿಗ್ಗಿಸಿ, ಏರಿಸಿ, ನೀರು ಸುರಿದರೆ ಅದು ಕುಗ್ಗಿ ಕಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ. ಒಂದಕ್ಕೆ ಜಾಗ ಬೇಕು, ಇನ್ನೊಂದಕ್ಕೆ ಬೇಡ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿದ್ದೆ ನೋಡಿ, ಅದೇ ನನ್ನನ್ನು ಇನ್ನೂ ಕಾಡುತ್ತದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಒಂದೆರಡು ವರ್ಷವಾಗಿತ್ತು. ಬೆಳಗಾವಿಯಲ್ಲಿ ನೀರೆತ್ತುವ ಪಂಪು ಮಾಡುವ ಒಂದು ಕಾರಖಾನೆಯಿಂದ ನನಗೆ ನಲವತ್ತೆಂಟು ಕೋಲುಗಳ ಕೆಲಸ ಬಂತು. ತೂತುಗಳು ಅವರ ಹತ್ತಿರ, ಕೋಲು ನಮ್ಮ ಹತ್ತಿರ. ತೂತನ್ನು ತೋರಿಸಿ ಎಂದರೆ ‘ಬೇಕಾಗಿಲ್ಲ, ಕಾಗದದಾಗ ಎಲ್ಲಾ ಐತಿ’ ಎಂದರು. ನಕ್ಷೆಯ ನೀಲಿ ಕಾಗದ ಬಂತು. ಕೋಲಿನ ದಪ್ಪ ಇಪ್ಪತ್ತೈದು ಮಿಲಿಮೀಟರ್ ಎಂದು ಬರೆದಿತ್ತು. ಅದರ ಬಾಲಕ್ಕೆ ಎರಡು ಸಣ್ಣ ಅಂಕಿ ನೇತುಬಿದ್ದಿದ್ದವು, ಎರಡರ ಹಿಂದೆಯೂ ಕಳೆಯುವ ಗೆರೆ. ಬಿಡಿಸಿ ಹೇಳಿದರೆ, ಇಪ್ಪತ್ತೈದಕ್ಕಿಂತ ಮಿಲಿಮೀಟರಿನ ನೂರರಲ್ಲಿ ಎರಡು ಪಾಲಾದರೂ ಕಡಿಮೆ ಇರಬೇಕು, ನಾಲ್ಕು ಪಾಲಿಗಿಂತ ಹೆಚ್ಚು ಕಡಿಮೆ ಇರಬಾರದು.

ನಾನು ದಂಗಾದೆ. ಇಪ್ಪತ್ತೈದು ಎಂದು ಬರೆದು ಇಪ್ಪತ್ತೈದನ್ನೇ ಬೇಡ ಎನ್ನುವ ಗಿರಾಕಿಯನ್ನು ನಾನು ಹುಟ್ಟಿ ಕಂಡಿರಲಿಲ್ಲ. ಸೇರು ಜೋಳ ಕೊಡಿ, ಆದರೆ ಸೇರು ತುಂಬಬೇಡಿ ಎಂದರೆ ನೀವೇನು ತಿಳಿಯುತ್ತೀರಿ? ಒಂದು ಸಂಜೆಯೆಲ್ಲ ಕಾಗದ ಹಿಡಿದು ಯೋಚಿಸಿದೆ. ಕೊನೆಗೆ ನನ್ನ ವ್ಯಾಪಾರದ ಬುದ್ಧಿಗೆ ಹೊಳೆಯಿತು. ಪಾಪ, ಇವರಿಗೆ ಹಿಂದೆ ಯಾರೋ ಕಡಿಮೆ ಅಳತೆಯ ಮಾಲು ಕೊಟ್ಟು ಟೋಪಿ ಹಾಕಿದ್ದಾರೆ. ಅದಕ್ಕೆ ಇವರು ‘ಎರಡು ಪಾಲು ಹೊಡೆದರೆ ಹೊಡೆಯಿರಪ್ಪಾ, ನಾಲ್ಕರ ಆಚೆ ಮಾತ್ರ ಮೋಸ ಮಾಡಬೇಡಿ’ ಎಂದು ಮೊದಲೇ ಕೈಮುಗಿದು ಬರೆದಿದ್ದಾರೆ. ಅಂದರೆ ಇದು ಕಳ್ಳರಿಗಾಗಿ ಬರೆದ ಕಾಗದ. ನನ್ನಂಥವನು ಇದಕ್ಕೆ ಏನು ಮಾಡಬೇಕು? ಪೂರ್ತಿ ಇಪ್ಪತ್ತೈದು ಕೊಡಬೇಕು, ಮೇಲೊಂದಿಷ್ಟು ಕೊಸರು ಹಾಕಬೇಕು. ಮುಂದಿನ ವರ್ಷ ಅವರು ಬೇರೆ ಬಾಗಿಲು ತುಳಿಯಬಾರದು.

ಮರುದಿನ ಮಿಸ್ತ್ರಿಗೆ ಹಾಗೆಯೇ ಹೇಳಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕಮ್ಮಿ ಇರಲಿ ಅಂತ ಬರದಾರ್ರಿ ಮಾಲಕ್ರ.”

“ಅದು ಕಳ್ಳರಿಗೆ ಬರದದ್ದೋ ಮಾರಾಯಾ. ನೀ ತುಂಬ ಇಡು. ಮ್ಯಾಲೊಂದು ಕೂದಲೆಳೆ ಇರಲಿ.”

“ತೂತಿನಾಗ ಹೋಗಬೇಕಲ್ರಿ ಅದು.”

“ನಿನಗ ಕೋಲಿನ ಚಿಂತಿ. ತೂತಿನ ಚಿಂತಿ ಅವರು ಮಾಡ್ತಾರ.”

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು. ಹತ್ತು ದಿನ ಮಷೀನಿನ ಮುಂದೆ ನಿಂತು ನಲವತ್ತೆಂಟು ಕೋಲು ತಿರುವಿದರು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ನಾನು ಒಂದೊಂದಕ್ಕೂ ಎಣ್ಣೆ ಸವರಿ, ಕಾಗದ ಸುತ್ತಿ, ಗಂಡನ ಮನೆಗೆ ಹೆಣ್ಣು ಕಳಿಸಿದ ಹಾಗೆ ಕಳಿಸಿದೆ.

ಎಂಟನೆಯ ದಿನಕ್ಕೆ ಎಲ್ಲವೂ ಅದೇ ಕಾಗದದಲ್ಲಿ ವಾಪಸು ಬಂದವು. ಜೊತೆಗೊಂದು ಚೀಟಿ: ನಲವತ್ತೆಂಟೂ ಅಳತೆ ಮೀರಿವೆ, ಒಂದೂ ಒಳಗೆ ಹೋಗುವುದಿಲ್ಲ. ಲಾರಿ ನಿಂತದ್ದು ನನ್ನ ಅಂಗಡಿಯ ಪಕ್ಕದ ಚಹಾದಂಗಡಿಯ ಮುಂದೆ. ಅವತ್ತು ಸಂತೆ. ಕಟಕೋಳದ ಇಬ್ಬರು ರೈತರು ಚಹಾ ಕುಡಿಯುತ್ತ ಕೂತಿದ್ದರು. ಯರಗಟ್ಟಿಯ ಹಿಟ್ಟಿನ ಗಿರಣಿಯ ಮಾಲಕ ಬೆಲ್ಟು ಓಡುವ ಪುಲ್ಲಿ ಗಾಲಿಯ ತೂತು ಸರಿ ಮಾಡಿಸಲು ಬಂದು ನಿಂತಿದ್ದ. ಎಲ್ಲರೂ ಚೀಟಿಯಲ್ಲಿ ಏನಿದೆ ಎಂದು ಕೇಳಿದರು. ನನಗೆ ತಲೆಗೆ ರಕ್ತ ಏರಿತು. ನಾನು ಹೇಳಿದ್ದು ಒಂದು ಕೂದಲೆಳೆ, ಈ ಮಿಸ್ತ್ರಿ ಹಗ್ಗದಷ್ಟು ಬಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಮಿಸ್ತ್ರಿಯನ್ನು ಹೊರಗೆ ಕರೆದು, ಅಷ್ಟೂ ಜನರ ಮುಂದೆ, ಹೇಳಬಾರದ್ದನ್ನೆಲ್ಲ ಹೇಳಿದೆ. ಎಲ್ಲವನ್ನೂ ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಕೊನೆಯದು ಮಾತ್ರ ಬರೆಯುತ್ತೇನೆ, ಏಕೆಂದರೆ ಉಳಿದದ್ದು ಅದೇ.

“ನಿನಗ ಅಳತಿ ಗೊತ್ತಿಲ್ಲ. ಕೆಲಸ ಬರೂದಿಲ್ಲ ನಿನಗ.”

ಮಿಸ್ತ್ರಿ ಒಳಗೆ ಹೋದರು. ಮೈಕ್ರೋಮೀಟರನ್ನು ಮಖಮಲ್ಲಿನಲ್ಲಿ ಸುತ್ತಿದರು. ತಿನ್ನದೆ ಇದ್ದ ಡಬ್ಬಿಯನ್ನು ಎತ್ತಿಕೊಂಡರು. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಗಿರಣಿಯ ಮಾಲಕ ತನ್ನ ಪುಲ್ಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ‘ಬೆಳಗಾವಿಗೇ ಒಯ್ತೇನಿ ತಗೋರಿ’ ಎಂದ.

ನಾಲ್ಕನೆಯ ದಿನ ನಾನು ಬೆಳಗಾವಿಗೆ ಹೋದೆ. ಕೋಲುಗಳನ್ನು ಹೇಗಾದರೂ ಅವರಿಗೇ ಒಪ್ಪಿಸಿ ಬರುವುದೆಂದು ಮನಸ್ಸಿನಲ್ಲಿತ್ತು. ಚೌಕಾಶಿಗೆ ಬಾರದ ವಸ್ತು ಜಗತ್ತಿನಲ್ಲಿಲ್ಲ ಎಂದು ನನ್ನ ನಂಬಿಕೆ. ಮಾಲು ಪರೀಕ್ಷೆ ಮಾಡುವವನು ಮೀಸೆ ಸರಿಯಾಗಿ ಬಾರದ ತರುಣ. ನಾನು ಚೀಲದಿಂದ ಕೋಲು ತೆಗೆದು, ನಿಮ್ಮ ತೂತನ್ನು ಒಂದಿಷ್ಟು ದೊಡ್ಡದು ಮಾಡಿ, ನನ್ನ ಕೋಲು ನಾನು ಒಂದಿಷ್ಟು ಕೆರೆಯುತ್ತೇನೆ, ಇಬ್ಬರೂ ಅರ್ಧರ್ಧ ಸೋಲೋಣ ಎಂದು ಮಾತು ತೆಗೆದೆ. ಅವನು ನಗಲಿಲ್ಲ. ಕುರ್ಚಿ ಕೊಟ್ಟ.

“ಯಜಮಾನ್ರ, ತೂತು ಬರೋಬರಿ ಇಪ್ಪತ್ತೈದು, ಕೋಲೂ ಬರೋಬರಿ ಇಪ್ಪತ್ತೈದು ಇದ್ರ, ಎಣ್ಣಿ ಎಲ್ಲಿ ಕುಂದರಬೇಕ್ರಿ?”

ಬೀಸುವ ಕಲ್ಲು ಗೊತ್ತಿದ್ದವನು ನಾನು. ತಿರುಗುವ ಕೋಲಿಗೂ ತೂತಿಗೂ ನಡುವೆ ಎಣ್ಣೆಯ ಜಾಗ ಬೇಕು. ಆ ಜಾಗವನ್ನೇ ಅವರು ಕಳೆಯುವ ಗೆರೆ ಹಾಕಿ ಬರೆದಿದ್ದರು. ಕಳ್ಳರಿಗೆ ಬರೆದ ಕಾಗದವಲ್ಲ ಅದು, ಎಣ್ಣೆಗೆ ಬರೆದ ಕಾಗದ.

ಹಾಗಾದರೆ ಇಷ್ಟೇ ಕಡಿಮೆ ಮಾಡಿ ಎಂದು ಒಂದು ಅಂಕಿ ಬರೆದರೆ ಸಾಕಲ್ಲ, ಎರಡು ಯಾಕೆ ಎಂದು ಕೇಳಿದೆ. ಅವನು ಹೇಳಿದ್ದು ಕೇಳಿ ನನಗೆ ಎರಡನೆಯ ಪೆಟ್ಟು ಬಿತ್ತು. ಒಂದೇ ಅಂಕಿಗೆ ಯಾರಿಗೂ ಮುಟ್ಟಲು ಬರುವುದಿಲ್ಲವಂತೆ. ಪರದೇಶದಿಂದ ತಂದ ತಮ್ಮ ಮಷೀನಿಗೂ ಬರುವುದಿಲ್ಲವಂತೆ. ಬರೋಬರಿ ಎಂಬುದು ಬರೀ ಕಾಗದದ ಮೇಲೆ ಇರುವ ಊರು; ಅಲ್ಲಿಗೆ ಯಾವ ಬಸ್ಸೂ ಹೋಗುವುದಿಲ್ಲ. ಆದ್ದರಿಂದ ಎಲ್ಲಿಂದ ಎಲ್ಲಿಯವರೆಗೆ ತಪ್ಪಬಹುದು ಎಂದು ಮೊದಲೇ ಬರೆದುಬಿಡುತ್ತಾರೆ. ತಪ್ಪಿಗೆ ಮುಂಚಿತವಾಗಿ ಪರವಾನಗಿ! ಇಷ್ಟು ದೊಡ್ಡ ಕಟ್ಟಡ ಕಟ್ಟಿ, ಗೇಟಿಗೆ ಪಹರೆ ನಿಲ್ಲಿಸಿ, ಒಳಗೆ ಕೂತು ಇವರು ಬರೆಯುವುದು ‘ನಮಗೆ ಬರೋಬರಿ ಬರುವುದಿಲ್ಲ’ ಎಂದು. ಬೈಲಹೊಂಗಲದಲ್ಲಿ ಇದನ್ನು ಒಪ್ಪಿಕೊಂಡರೆ ನಾಳೆಗೆ ಅಂಗಡಿ ಮುಚ್ಚಬೇಕು.

ಆ ಎರಡು ಅಂಕಿಗಳ ಒಳಗಿದ್ದರೆ ಸಾಕು, ಅವನೆಂದ, ಯಾರು ಎಲ್ಲಿ ತಿರುವಿದ ಕೋಲಾದರೂ ಯಾರು ಎಲ್ಲಿ ಕೊರೆದ ತೂತಿಗಾದರೂ ಹೋಗುತ್ತದೆ. ರಾಮದುರ್ಗದಲ್ಲಿ ಪಂಪು ಕೆಟ್ಟರೆ ಹೊಸ ಕೋಲು ತಂದು ತೂರಿಸಿದರಾಯಿತು, ಯಾರೂ ಕೂತು ಕೆರೆಯಬೇಕಾಗಿಲ್ಲ. ಒಬ್ಬರ ಮುಖ ಒಬ್ಬರು ನೋಡದವರ ಕೆಲಸವೂ ಹೀಗೆ ಕೂಡುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. ‘ನಾ ಹೇಳಿದ್ದು ಬರೀ ಒಂದು ಕೂದಲೆಳೆ ಸಾಹೇಬ್ರ, ನಮ್ಮ ಮಿಸ್ತ್ರಿ ಮನಸ್ಸಿಗೆ ಬಂದಷ್ಟು ಬಿಟ್ಟಾನ’ ಎಂದೆ. ಆಗಲೇ ಅವನು ಕೂದಲು ಕಿತ್ತದ್ದು. ಮೈಕ್ರೋಮೀಟರಿನಲ್ಲಿ ಹಿಡಿದು ನನಗೆ ತೋರಿಸಿದ: ನೂರರಲ್ಲಿ ಆರು ಪಾಲು. ಅವರ ಕೋಲಿಗೂ ತೂತಿಗೂ ನಡುವೆ ಬೇಕಾದ ಜಾಗ, ತಪ್ಪುಗಳೆಲ್ಲ ಸೇರಿ, ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಇವರ ಇಡೀ ಸಂಸಾರ ನಡೆಯುವುದೇ ನಾನು ದಿನಕ್ಕೆ ಹತ್ತು ಸಲ ಬಾಯಲ್ಲಿ ಎಸೆಯುವ ಆ ಒಂದು ಎಳೆಯ ಒಳಗೆ.

ಆಮೇಲೆ ನನ್ನ ಕೋಲುಗಳನ್ನು ಒಂದೊಂದಾಗಿ ಹಿಡಿದ. ಹತ್ತು ಹಿಡಿದ, ಇಪ್ಪತ್ತು ಹಿಡಿದ, ಮುಖ ಬದಲಾಯಿತು. ಎಲ್ಲವೂ ಇಪ್ಪತ್ತೈದರ ಮೇಲೆ ಎರಡು ಪಾಲು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಪಾಲಿನ ಫರಕು ಇಲ್ಲ.

“ಇದನ್ನ ತಿರುವಿದವ್ರು ಯಾರ್ರಿ? ಹಳೇ ಲೇತಿನ ಮ್ಯಾಲೆ ಇಂಥಾ ಕೈ ನಾ ನೋಡಿಲ್ಲ. ಅವರಿಗೆ ತಪ್ಪು ಅಳತಿ ಹೇಳಿದವ್ರು ಯಾರು?”

ಇದು ಮೂರನೆಯ ಪೆಟ್ಟು, ಮತ್ತು ಇದರ ಮುಂದೆ ಹಿಂದಿನವೆರಡೂ ಏನೂ ಅಲ್ಲ. ಕೂದಲೆಳೆ ಎಂದರೆ ಆರು ಪಾಲು. ನನ್ನ ಮಾತನ್ನು ಅಕ್ಷರಶಃ ಕೇಳಿದ್ದರೆ ಮಿಸ್ತ್ರಿ ಆರು ಬಿಡಬೇಕಾಗಿತ್ತು. ಅವರು ಎರಡೇ ಬಿಟ್ಟಿದ್ದರು. ನನ್ನ ಮಾತೂ ಉಳಿಯಲಿ, ಆದಷ್ಟು ಮಾಲೂ ಉಳಿಯಲಿ ಎಂದು. ನಾನು ನಾಲ್ಕು ಜನರ ಮುಂದೆ ಕೆಲಸ ಬರುವುದಿಲ್ಲ ಎಂದದ್ದು ಈ ಕೈಗೆ.

ತರುಣ ಒಂದು ಸಮಾಧಾನ ಹೇಳಿದ. ಹೆಚ್ಚಾದದ್ದು ಒಳ್ಳೆಯದೇ ಆಯಿತು, ಕಡಿಮೆಯಾಗಿದ್ದರೆ ನಲವತ್ತೆಂಟೂ ಗುಜರಿಗೆ. ಹೆಚ್ಚಾದ ಕೋಲನ್ನು ಕೆರೆಯಬಹುದು. ಐದು ಪಾಲು ತೆಗೆಯಬೇಕು, ಒಂದು ಪಾಲು ಆಚೀಚೆ. ‘ಆ ಕೈಯಿಂದಲೇ ಆಗಬೇಕು, ಬ್ಯಾರೇದವ್ರಿಗೆ ಕೊಡಬ್ಯಾಡ್ರಿ’ ಎಂದು ಎಂಟು ದಿನದ ಮುದ್ದತು ಕೊಟ್ಟ. ಏಳುವಾಗ ಇನ್ನೊಂದು ಹೇಳಿದ: ತೂತಿನ ನ್ಯಾಯ ಉಲ್ಟಾ ಯಜಮಾನ್ರ, ಅದು ಒಮ್ಮೆ ದೊಡ್ಡದಾದರೆ ಮುಗೀತು, ಸಣ್ಣದು ಮಾಡಾಕ ಬರೂದಿಲ್ಲ. ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು: ಕೋಲಿನಲ್ಲಿ ನಾನು ಮಾಡಿದ ತಪ್ಪಿಗೆ ಪರಿಹಾರವಿದೆ. ಚಹಾದಂಗಡಿಯ ಮುಂದೆ ಮಾಡಿದ್ದು ತೂತು.

ನೇಸರಗಿಯಲ್ಲೇ ಇಳಿದೆ. ಮಿಸ್ತ್ರಿಯ ಮನೆ ಸಣ್ಣದು, ಸಾರಿಸಿದ ಅಂಗಳ, ಪಡಸಾಲೆಯ ಗೋಡೆಗೆ ಬುದ್ಧನ ಪಟ. ಅವರ ಹೆಂಡತಿ ಶಾಂತವ್ವ ತಂಬಿಗೆಯಲ್ಲಿ ನೀರು ತಂದು ಇಟ್ಟಳು. ಇಟ್ಟು ಹೋಗಲಿಲ್ಲ.

“ಅಳತಿ ಗೊತ್ತಿಲ್ಲದವ್ರ ಮನಿ ಹುಡುಕಿ ಬಂದ್ರಲ್ರಿ ಮಾಲಕ್ರ. ಹಾದಿ ತಪ್ಪಿದ್ರೇನು?”

ಅಂದರೆ ನನ್ನ ಮಾತು ನನಗಿಂತ ಮೊದಲೇ ನೇಸರಗಿಗೆ ಬಂದು ಕೂತಿತ್ತು. ಮಿಸ್ತ್ರಿ ಹೊರಗೆ ಬಂದರು, ಎದುರಿಗೆ ಕೂತರು. ನಾನು ಗೊತ್ತಿದ್ದ ವಿದ್ಯೆಯನ್ನೇ ಬಿಚ್ಚಿದೆ. ಪಗಾರ ಹೆಚ್ಚಿಸುತ್ತೇನೆ ಎಂದೆ. ಮಷೀನಿನ ಮುಂದೆ ಪಂಖಾ ಹಾಕಿಸುತ್ತೇನೆ ಎಂದೆ. ಬಸ್ಸಿನ ಪಾಸು ನನ್ನದು ಎಂದೆ. ಅವರು ಒಂದಕ್ಕೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ತನ್ನ ಬೆಲೆಯನ್ನೇ ಹೇಳದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ನಿಮಗೂ ಹೇಳಿಡುತ್ತೇನೆ: ಎದುರಿನವನು ಬೆಲೆ ಹೇಳಲಿಲ್ಲವೆಂದರೆ ನಿಮ್ಮ ಚೀಲದಲ್ಲಿರುವುದು ಯಾವುದೂ ಅವನಿಗೆ ಬೇಕಾಗಿಲ್ಲ ಎಂದು ಅರ್ಥ. ಆಗ ಚೀಲ ಮುಚ್ಚಬೇಕು. ನನಗೆ ಮುಚ್ಚಲು ಬಹಳ ಹೊತ್ತು ಹಿಡಿಯಿತು.

ಕೊನೆಗೆ ಬೆಳಗಾವಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಎರಡೇ ಪಾಲು ಬಿಟ್ಟದ್ದನ್ನು ಅಲ್ಲಿನ ತರುಣ ನೋಡಿದ ಎಂದಾಗ ಮಾತ್ರ ಅವರು ತಲೆ ಎತ್ತಿದರು.

“ನಮ್ಮ ಮಂದಿಗೆ ಕೆಲಸ ಬರೂದಿಲ್ಲ ಅನ್ನಾಕ ಊರು ಮದ್ಲೇ ತಯಾರ ಕುಂತಿರ್ತದ್ರಿ. ನೀವು ಹೋಗಿ ಅದಕ್ಕ ಸಾಕ್ಷಿ ಹೇಳಿದ್ರಿ. ಹದಿನಾರು ವರ್ಷ ಹುಬ್ಬಳ್ಯಾಗ ನಿಂತು ಕಲ್ತದ್ದು, ಒಂದು ಕಪ್ ಚಾ ಮುಗಿಯೂದ್ರಾಗ ಹೋತು.”

ನಾನು ತಪ್ಪಾಯಿತು ಎಂದೆ. ಅಲ್ಲೇ, ಆ ಅಂಗಳದಲ್ಲೇ, ಮೂರು ಸಲ ಎಂದೆ. ಅವರು ಕೇಳಿಸಿಕೊಂಡು, ಶಾಂತವಾಗಿಯೇ, ಇಲ್ಲಿ ಅಂದರೆ ಯಾರು ಕೇಳುತ್ತಾರೆ ಎಂದರು. ಎಲ್ಲಿ ಅಂದಿರೋ ಅಲ್ಲಿ ಅನ್ನಿ, ಯಾರ ಮುಂದೆ ಅಂದಿರೋ ಅವರ ಮುಂದೆ ಅನ್ನಿ. ನಾನು ಇದನ್ನೂ ಇಳಿಸಲು ನೋಡಿದೆ: ಚಹಾದಂಗಡಿಯವನೊಬ್ಬನ ಮುಂದೆ ಹೇಳಿದರೆ ಸಾಲದೇ, ಕಟಕೋಳದವರನ್ನು ಎಲ್ಲಿ ಹುಡುಕಲಿ. ಅವರು ಎದ್ದು ಎಮ್ಮೆಗೆ ಮೇವು ಹಾಕಲು ಹೋದರು. ಅಲ್ಲಿಗೆ ಚೌಕಾಶಿ ಮುಗಿಯಿತು.

ಎಂಟು ದಿನದಲ್ಲಿ ನಾಲ್ಕು ದಿನ ನನ್ನ ಅವಮಾನಕ್ಕೆ ಸಾಕ್ಷಿಗಳನ್ನು ಕೂಡಿಸುವುದರಲ್ಲೇ ಹೋಯಿತು. ಕಟಕೋಳಕ್ಕೆ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದೆ. ಯರಗಟ್ಟಿಗೆ ನಾನೇ ಹೋಗಿ ಗಿರಣಿಯವನ ಕೈಕಾಲು ಹಿಡಿದೆ. ಯಾಕೆ ಬರಬೇಕು ಎಂದರೆ ಹೇಳಲು ಬಾಯಿಯಿಲ್ಲ. ಆ ದಿನಗಳಲ್ಲಿ ನನಗೆ ಅಳೆಯುವ ಹುಚ್ಚು ಬೇರೆ ಹಿಡಿದಿತ್ತು. ಬೆಳಗಾವಿಯಿಂದ ಬರುವಾಗ ಕೊಂಡು ತಂದ ಕ್ಯಾಲಿಪರು ಹಿಡಿದುಕೊಂಡು ಮನೆಯಲ್ಲಿ ಕಂಡಕಂಡದ್ದನ್ನೆಲ್ಲ ಅಳೆದೆ. ಒಂದೇ ಡಜನ್ನಿನ ಬಳೆಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಹಳೆಯ ಗುಡಿಯ ತಿರುವಿದ ಕಲ್ಲಿನ ಕಂಬಗಳಿಗೆ ದಾರ ಸುತ್ತಿ ನೋಡಿದೆ. ನೂರಾರು ವರ್ಷ ನಾವು ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ ಎಂದು ಹೊಗಳುತ್ತ ಬಂದ ಆ ಕಂಬಗಳಲ್ಲಿ ಬೆರಳಗಲದ ಫರಕು. ಛಾವಣಿ ಮಾತ್ರ ನಿಂತೇ ಇದೆ. ಊಟಕ್ಕೆ ಕೂತಾಗ ರೊಟ್ಟಿಯ ದಪ್ಪ ಅಳೆಯುವುದನ್ನು ಕಂಡು ನನ್ನ ಹೆಂಡತಿ, ‘ಮದ್ಲ ಹಸಿವಿ ಅಳೀರಿ’ ಎಂದು ಕ್ಯಾಲಿಪರನ್ನು ಕಸಿದು ಗೋಡೆಯ ಮಾಡದಲ್ಲಿ ಇಟ್ಟಳು. ಇಷ್ಟು ವರ್ಷ ಬರೋಬರಿ, ಬರೋಬರಿ ಎಂದು ಗಿರಾಕಿಗಳ ಮುಂದೆ ಎದೆ ತಟ್ಟಿಕೊಂಡು ಹೇಳಿದವನು ನಾನು. ಆ ಮಾತಿಗೆ ಜಗತ್ತಿನಲ್ಲಿ ಒಂದೂ ವಸ್ತು ಇರಲಿಲ್ಲ.

ಐದನೆಯ ದಿನ ಎಲ್ಲರೂ ಸೇರಿದರು. ಚಹಾದಂಗಡಿಯ ಅದೇ ಬೆಂಚು, ಅದೇ ಚಹಾ. ಹೇಳಿಕಳಿಸಿದ್ದಕ್ಕೆ ಮಿಸ್ತ್ರಿಯೂ ಬಸ್ಸಿಳಿದು ಬಂದು ರಸ್ತೆಯ ಆಚೆ ಬೇವಿನ ಮರದ ಕೆಳಗೆ ನಿಂತರು, ಹತ್ತಿರ ಬರಲಿಲ್ಲ. ನಾನು ಮನೆಯಿಂದ ಬರುತ್ತ ಒಂದು ಭಾಷಣ ಹೊಂದಿಸಿದ್ದೆ. ಆ ವೇಳೆಗೆ ಅದರ ಒಂದು ಮಾತೂ ನೆನಪಾಗಲಿಲ್ಲ.

“ಮಿಸ್ತ್ರಿಯವರಿಗೆ ಅಳತಿ ಗೊತ್ತೈತಿ. ನನಗ ಗೊತ್ತಿರಲಿಲ್ಲ. ಹೆಚ್ಚು ಇಡು ಅಂದವ ನಾನು. ಬ್ಯಾಡ ಅಂದವ್ರು ಅವರು.”

ಕಟಕೋಳದವರು ಚಹಾದ ಬಸಿ ಕೆಳಗಿಟ್ಟರು. ಗಿರಣಿಯವನು ‘ಇಷ್ಟಕ್ಕ ನನ್ನ ಗಿರಣಿ ಬಂದ್ ಮಾಡಿಸಿದ್ರೇನು’ ಎಂದು ಬೈದ. ಬೈದು, ಚೀಲದಿಂದ ಆ ಪುಲ್ಲಿಯನ್ನು ತೆಗೆದ. ಬೆಳಗಾವಿಗೆ ಒಯ್ದೇ ಇರಲಿಲ್ಲ. ರಸ್ತೆ ದಾಟಿ ಮಿಸ್ತ್ರಿಯ ಕೈಗೆ ಕೊಟ್ಟ. ‘ಹಂಗಾರ ಇದನ್ನ ನೀವೇ ನೋಡ್ರಿ’ ಎಂದದ್ದು ನನಗೆ ಈಚೆಯವರೆಗೂ ಕೇಳಿಸಿತು. ಮಿಸ್ತ್ರಿ ತೂತಿನೊಳಗೆ ಹೆಬ್ಬೆರಳು ಹಾಕಿ ಒಂದು ಸುತ್ತು ತಿರುಗಿಸಿದರು. ಆಮೇಲೆ ರಸ್ತೆ ದಾಟಿ ಒಳಗೆ ಬಂದರು.

ಮೂರು ದಿನದಲ್ಲಿ ಕೋಲುಗಳು ಅಳತೆಗೆ ಇಳಿದವು. ಉದುರಿದ ಪುಡಿ ಎಷ್ಟು ಸಣ್ಣದೆಂದರೆ ಮೂಗಿಗೆ ಏರಿಸುವ ನಶ್ಯದಂತೆ ಅಂಗೈಗೆ ಹತ್ತುತ್ತಿತ್ತು. ಕಟ್ಟುವಾಗ ನೋಡಿದರೆ ಕಾಗದದಲ್ಲಿ ನಲವತ್ತೇಳೇ ಇವೆ. ನಲವತ್ತೆಂಟನೆಯದನ್ನು ಮಿಸ್ತ್ರಿ ಬೇರೆ ಎತ್ತಿಟ್ಟಿದ್ದರು. ಅದು ನಾಲ್ಕೂವರೆ ಪಾಲು ಕಡಿಮೆಯಾಗಿತ್ತು. ನಾಲ್ಕರ ಗಡಿ ಮೀರಿದ್ದು ಅರ್ಧ ಪಾಲು, ಅಂದರೆ ಕೂದಲನ್ನು ಹನ್ನೆರಡು ಸೀಳು ಮಾಡಿದರೆ ಅದರಲ್ಲೊಂದು. ಕಳಿಸಿಬಿಡು, ಅವರಿಗೇನು ಗೊತ್ತಾಗುತ್ತದೆ ಎಂಬ ಮಾತು ನನ್ನ ಗಂಟಲಿನವರೆಗೂ ಬಂತು. ಅವರು ಕೋಲನ್ನು ನನ್ನ ಮೇಜಿನ ಮೇಲೆ ಇಟ್ಟು, ‘ಇದು ನನ್ನ ತಪ್ಪು’ ಎಂದು ಹೇಳಿ ನಿಂತುಕೊಂಡರು. ನಾನು ನಲವತ್ತೇಳನ್ನೇ ಕಳಿಸಿದೆ. ಎಲ್ಲವೂ ಪಾಸಾದವು.

ಮಿಸ್ತ್ರಿ ಈಗಲೂ ನನ್ನಲ್ಲೇ ಇದ್ದಾರೆ. ಪಂಖಾ ಬಂದಿದೆ, ಅದನ್ನು ಅವರು ಕೇಳಲಿಲ್ಲ, ಬೇಡವೆನ್ನಲೂ ಇಲ್ಲ. ಆದರೆ ಒಂದು ಕರಾರು ಹಾಕಿದರು. ಬಾಯಿಮಾತಿನ ಅಳತೆ ಅವರು ತೆಗೆದುಕೊಳ್ಳುವುದಿಲ್ಲ. ಮಷೀನಿನ ಪಕ್ಕದಲ್ಲೊಂದು ಪಾಟಿ ನೇತುಹಾಕಿದ್ದಾರೆ, ನಾನು ಅದರ ಮೇಲೆ ಬರೆದು ಸಹಿ ಮಾಡಬೇಕು. ಮೊದಲ ದಿನ ಕಿತ್ತೂರಿನ ಒಂದು ಗಾಣದ ಕೋಲಿಗೆ ನಾನು ದೊಡ್ಡದಾಗಿ ನಲವತ್ತು ಎಂದು ಬರೆದು, ಸುರುಳಿ ಸುರುಳಿಯಾಗಿ ಸಹಿ ಹಾಕಿ ಬಂದೆ. ಪಾಟಿ ನನ್ನ ಮೇಜಿಗೆ ವಾಪಸು ಬಂತು. ಎರಡನೆಯ ಅಂಕಿ ಎಲ್ಲಿ ಎಂದು ಕೇಳಿದರು. ಬೇಕಾಗಿಲ್ಲ, ಬರೋಬರಿ ನಲವತ್ತು ಮಾಡಿ ಎಂದೆ.

“ಬರೋಬರಿ ನನ್ನ ಕೈಲೆ ಆಗಾಂಗಿಲ್ರಿ ಮಾಲಕ್ರ. ಎಷ್ಟು ತಪ್ಪಿದ್ರ ನೀವು ಸುಮ್ಮನಿರ್ತೀರಿ, ಅದನ್ನ ಬರೀರಿ.”

ಬಳಪ ಹಿಡಿದು ಕೂತೆ. ಮಿಸ್ತ್ರಿ ಕಾಯುತ್ತ ನಿಂತರು. ಬೇಕಾದದ್ದು ಎಷ್ಟು ಎಂದು ನನಗೆ ಯಾವಾಗಲೂ ಗೊತ್ತಿರುತ್ತದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇದನ್ನು ಮಾತ್ರ ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.